ಕ್ಲಸ್ಟರ್ ಬಂದ್, ಕೌಂಟರ್ ಚಾಲೂ: ಅದು ಹ್ಯಾಂಗ?

ಪ್ರಶ್ನೆ: ಸರ, ನಾ ಕಮಲಾಪುರದಾಂವ. ಕಲಬುರಗಿಯೊಳಗ ಒಂದು ಖಾಸಗಿ ದವಾಖಾನಿಯ ಕಂಪ್ಯೂಟರ್ ವಿಭಾಗಕ್ಕ ಹೊಸದಾಗಿ ಸೇರೀನಿ. ಹೋದ ವಾರ ರಾತ್ರಿ ನಮ್ಮ ಸೀನಿಯರ್ ಒಂದು ಅಪ್‌ಡೇಟ್ ಹಾಕೋದಿತ್ತು. ಮೊದಲ ಕ್ಲಸ್ಟರ್‌ನ ಮೇಂಟೆನೆನ್ಸ್ ಮೋಡ್‌ಗೆ ಹಾಕಿದ್ರು, ಆಮ್ಯಾಲ ಎರಡೂ ಸರ್ವರಿನ್ಯಾಗ ಕ್ಲಸ್ಟರ್ ಸಾಫ್ಟ್‌ವೇರನ್ನೇ ಬಂದ್ ಮಾಡಿದ್ರು. ಎಮರ್ಜೆನ್ಸಿ ಕೌಂಟರಿನ್ಯಾಗ ಚೀಟಿ ಮಾಡೋದು ಮಾತ್ರ ನಿಲ್ಲಲೇ ಇಲ್ಲ. ಅಪ್ಲಿಕೇಶನ್ ನಡಸೋದೇ ಕ್ಲಸ್ಟರ್ ಅಂತ ನಾ ತಿಳಿದಿದ್ದೆ. ಅದೇ ಮಲಗಿದ ಮ್ಯಾಲ ಕೌಂಟರ್ ಹ್ಯಾಂಗ ನಡೀತು? ಇದರಾಗ ಧೋಕಾ ಇಲ್ಲೇನು? ಕೇಳಿದ್ರ "ಸ್ಟ್ಯಾಂಡ್‌ಬೈ ಬ್ಯಾರೆ, ಇದು ಬ್ಯಾರೆ" ಅಂದು ಸುಮ್ಮನಾದ್ರು.
— ಒಬ್ಬ ಓದುಗ, ಕಮಲಾಪುರ

ಉತ್ತರ: ಧೋಕಾ ಇದೆ. ಆದರೆ ನೀವು ಹೆದರಿದ ಜಾಗದಲ್ಲಿ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ಲಸ್ಟರ್ ಮಾಡುವ ಕೆಲಸ ಎಷ್ಟು ಎಂದು ನೋಡೋಣ. ಅಪ್ಲಿಕೇಶನ್ನನ್ನು ಶುರು ಮಾಡುವುದು, ನಿಲ್ಲಿಸುವುದು, ನಡುವೆ ಆಗಾಗ ಹೋಗಿ ಹೇಗಿದ್ದೀ ಎಂದು ವಿಚಾರಿಸುವುದು. ಅಷ್ಟೇ. ನಿಮ್ಮಲ್ಲಿರುವುದು ಪೇಸ್‌ಮೇಕರ್ ಎಂದುಕೊಂಡು ಬರೆಯುತ್ತಿದ್ದೇನೆ. ಎರಡು ಲಿನಕ್ಸ್ ಸರ್ವರುಗಳ ಕ್ಲಸ್ಟರ್ ಎಂದರೆ ಬಹುತೇಕ ಅದೇ ಇರುತ್ತದೆ. ಅದರ ಕೆಳಗೆ ಕೋರೋಸಿಂಕ್ ಎಂಬ ಇನ್ನೊಂದು ಪ್ರೋಗ್ರಾಂ ಕೂತು ಎರಡೂ ಸರ್ವರುಗಳ ನಡುವೆ "ನಾನಿದ್ದೇನೆ, ನೀನಿದ್ದೀಯಾ" ಎಂಬ ಸಂದೇಶಗಳನ್ನು ಸಾಗಿಸುತ್ತಿರುತ್ತದೆ.

ವಿಚಾರಿಸಲು ಹೋಗುವುದು ಒಂದು ಸಣ್ಣ ಸ್ಕ್ರಿಪ್ಟ್. ರಿಸೋರ್ಸ್ ಏಜೆಂಟ್ ಎನ್ನುತ್ತಾರೆ. ಹತ್ತು ಸೆಕೆಂಡಿಗೊಮ್ಮೆಯೋ ಮೂವತ್ತು ಸೆಕೆಂಡಿಗೊಮ್ಮೆಯೋ, ನಾವು ಬರೆದಿಟ್ಟ ಹೊತ್ತಿಗೆ ಹೋಗಿ ಡೇಟಾಬೇಸಿನ ಬಾಗಿಲು ತಟ್ಟುತ್ತದೆ. ಡೇಟಾಬೇಸ್ ನಡೆಯುತ್ತಿದ್ದರೆ 0 ಎಂಬ ಅಂಕಿ ತಂದು ಕೊಡುತ್ತದೆ, ನಿಂತುಹೋಗಿದ್ದರೆ 7. ಏಳು ಬಂತೆಂದರೆ ಪೇಸ್‌ಮೇಕರ್ ಕೈ ಹಾಕುತ್ತದೆ: ಅಲ್ಲೇ ಮತ್ತೆ ಶುರು ಮಾಡಲು ನೋಡುತ್ತದೆ, ಆಗದಿದ್ದರೆ ಪಕ್ಕದ ಸರ್ವರಿಗೆ ಒಯ್ದು ಅಲ್ಲಿ ಶುರು ಮಾಡುತ್ತದೆ.

ಒಮ್ಮೆ ಶುರುವಾದ ಮೇಲೆ ಡೇಟಾಬೇಸ್ ಲಿನಕ್ಸಿನ ಸುಪರ್ದಿಗೆ ಹೋಯಿತು. ಚೀಟಿ ಮಾಡುವ ಕಂಪ್ಯೂಟರುಗಳು ಹುಡುಕಿಕೊಂಡು ಬರುವ ಆ ಒಂದು ಐಪಿ ವಿಳಾಸ ನೆಟ್‌ವರ್ಕ್ ಕಾರ್ಡಿನ ಮೇಲೆ ಕೂತಿದೆ, ಡಿಸ್ಕ್ ಮೌಂಟ್ ಆಗಿದೆ, ಡೇಟಾಬೇಸಿನ ಪ್ರೋಸೆಸ್ಸುಗಳು ಮೆಮೊರಿಯಲ್ಲಿವೆ. ಈ ಮೂರಕ್ಕೂ ಪೇಸ್‌ಮೇಕರಿನ ಹಂಗಿಲ್ಲ. ವಿಚಾರಿಸುವವರು ಬರಲಿಲ್ಲವೆಂದು ಯಾವ ಡೇಟಾಬೇಸೂ ನಿಲ್ಲುವುದಿಲ್ಲ. ಆದ್ದರಿಂದ ಅಂದು ರಾತ್ರಿ ಕೌಂಟರಿನಲ್ಲಿದ್ದ ಹುಡುಗಿಗೆ ಏನೂ ಗೊತ್ತಾಗಲಿಲ್ಲ.

ಹಾಗಾದರೆ ಮೇಂಟೆನೆನ್ಸ್ ಮೋಡ್ ಯಾಕೆ, ಸುಮ್ಮನೆ ಕ್ಲಸ್ಟರ್ ಬಂದ್ ಮಾಡಿದರೆ ಆಗದೇ ಎಂದು ಕೇಳಬಹುದು. ಆಗದು. ಸುಮ್ಮನೆ ನಿಲ್ಲಿಸಿದರೆ ಪೇಸ್‌ಮೇಕರ್ ಹೋಗುವಾಗ ತಾನು ಶುರು ಮಾಡಿದ್ದನ್ನೆಲ್ಲ ನಿಲ್ಲಿಸಿಯೇ ಹೋಗುತ್ತದೆ. ಅದರ ಸ್ವಭಾವವೇ ಹಾಗೆ. ಮೊದಲು ಮೇಂಟೆನೆನ್ಸ್ ಮೋಡ್ ಹಾಕಿದರೆ ಮಾತ್ರ ಏನನ್ನೂ ಮುಟ್ಟದೆ ಎದ್ದು ಹೋಗುತ್ತದೆ. ಈ ಆದೇಶ ಡಿಸ್ಕಿನ ಮೇಲಿರುವ ಕ್ಲಸ್ಟರಿನ ಕಡತದಲ್ಲೇ ಬರೆದಿರುವುದರಿಂದ, ಹೊಸ ಆವೃತ್ತಿ ಹಾಕಿ ಮತ್ತೆ ಚಾಲೂ ಮಾಡಿದಾಗಲೂ ಅದಕ್ಕೆ ನೆನಪಿರುತ್ತದೆ. ಎದ್ದ ಕೂಡಲೇ ಎರಡೂ ಸರ್ವರುಗಳಿಗೆ ಒಂದೊಂದು ಸುತ್ತು ಹೋಗಿ ವಿಚಾರಿಸುತ್ತದೆ. ಒಂದು ಕಡೆ 0, ಇನ್ನೊಂದು ಕಡೆ 7. ಓಹೋ, ಡೇಟಾಬೇಸ್ ಮೊದಲಿದ್ದಲ್ಲೇ ಇದೆ ಎಂದು ಗುರುತು ಮಾಡಿಕೊಂಡು ಮುಂದಿನ ಅಪ್ಪಣೆಗೆ ಕಾಯುತ್ತದೆ. ನಿಮ್ಮ ಸೀನಿಯರ್ ಮಾಡಿದ್ದು ಇದನ್ನೇ. ಪೇಸ್‌ಮೇಕರಿನ ಕೈಪಿಡಿಯಲ್ಲೇ ಹೇಳಿರುವ ವಿಧಾನ, ಅವರ ಸ್ವಂತ ಸಾಹಸವಲ್ಲ.

ಮೇಂಟೆನೆನ್ಸ್ ಮೋಡ್ ಹಾಕದೆ ಡೇಟಾಬೇಸಿಗೆ ಕೈ ಹಾಕಿದರೆ ಏನಾಗುತ್ತದೆ? ರಾತ್ರಿ ಎರಡು ಗಂಟೆಗೆ ಪ್ಯಾಚ್ ಹಾಕಲೆಂದು ಡೇಟಾಬೇಸ್ ನಿಲ್ಲಿಸುತ್ತೀರಿ. ಪ್ಯಾಚ್ ಅರ್ಧಕ್ಕೆ ಬಂದಿರುತ್ತದೆ. ಏಜೆಂಟ್ ಬಂದು ನೋಡಿ 7 ಒಯ್ದುಕೊಡುತ್ತದೆ. ಪೇಸ್‌ಮೇಕರ್ ಪಾಪ, ನಿಯತ್ತಿನ ಆಳು. ನೀವು ನಿಲ್ಲಿಸಿದ್ದೋ ತಾನಾಗಿ ಬಿದ್ದದ್ದೋ ಅದಕ್ಕೆ ತಿಳಿಯದು. ಅರ್ಧ ಹಳೆಯ ಅರ್ಧ ಹೊಸ ಫೈಲುಗಳ ಮೇಲೆ ಡೇಟಾಬೇಸನ್ನು ಎಬ್ಬಿಸಿ ನಿಲ್ಲಿಸುತ್ತದೆ. ಇಲ್ಲವೇ ಪಕ್ಕದ ಸರ್ವರಿನಲ್ಲಿ ಶುರು ಮಾಡುತ್ತದೆ, ನೀವು ಇತ್ತ ಕಡೆ ಪ್ಯಾಚ್ ಮುಗಿಸಿ ಕೈಯಾರೆ ಇನ್ನೊಂದನ್ನು ಶುರು ಮಾಡುತ್ತೀರಿ. ಒಂದೇ ಡಿಸ್ಕಿನ ಮೇಲೆ ಎರಡು ಡೇಟಾಬೇಸು ಬರೆಯತೊಡಗಿದರೆ ಬೆಳಗಿನ ಹೊತ್ತಿಗೆ ಬ್ಯಾಕಪ್ ಹುಡುಕಬೇಕಾಗುತ್ತದೆ.

ಮೇಂಟೆನೆನ್ಸ್ ಮೋಡಿಗೆ ಸರಿಯಾದ ಹೋಲಿಕೆ ಕಲಬುರಗಿಯವರಿಗೆ ಕರೆಂಟಿನವರ ಕೆಲಸದಲ್ಲಿ ಸಿಗುತ್ತದೆ. ಮನೆಮನೆಗೆ ಕರೆಂಟ್ ಹಂಚುವ ಜೆಸ್ಕಾಂನ ಮುಖ್ಯ ಕಚೇರಿ ನಿಮ್ಮ ಕಲಬುರಗಿಯಲ್ಲೇ. ಅದಕ್ಕೆ ವಿದ್ಯುತ್ ತಂದು ಕೊಡುವ ದೊಡ್ಡ ಲೈನುಗಳು ಕೆಪಿಟಿಸಿಎಲ್‌ನವು. ಆ ದೊಡ್ಡ ಲೈನುಗಳಲ್ಲಿ ಆಟೋ ರಿಕ್ಲೋಸ್ ಎಂಬ ಏರ್ಪಾಡಿರುತ್ತದೆ. ಸಿಡಿಲು ಹೊಡೆದೋ ಹಕ್ಕಿ ಕೂತೋ ಲೈನ್ ಟ್ರಿಪ್ ಆದರೆ ಬ್ರೇಕರ್ ಕ್ಷಣ ಬಿಟ್ಟು ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಇಂಥ ದೋಷಗಳು ಹೆಚ್ಚಾಗಿ ಕ್ಷಣಿಕವಾದ್ದರಿಂದ ಮನೆಯಲ್ಲಿ ಬಲ್ಬು ಒಮ್ಮೆ ಮಿಣುಕಿ ಸುಮ್ಮನಾಗುತ್ತದೆ. ಇದು ಪೇಸ್‌ಮೇಕರ್ ಮಾಡುವ ಕೆಲಸವೇ: ಬಿದ್ದದ್ದನ್ನು ಕೇಳದೆ ಎತ್ತಿ ನಿಲ್ಲಿಸುವುದು.

ಆದರೆ ಹಾಟ್‌ಲೈನ್ ತಂಡದವರು ಕರೆಂಟ್ ಹರಿಯುತ್ತಿರುವಾಗಲೇ ಲೈನಿನ ಮೇಲೆ ಕೆಲಸ ಮಾಡುವಾಗ ಆಟೋ ರಿಕ್ಲೋಸನ್ನು ಬ್ಲಾಕ್ ಮಾಡಿಸುತ್ತಾರೆ. ಲೈನ್ ಚಾಲೂ, ಊರಿಗೆ ಕರೆಂಟ್ ಚಾಲೂ. ತಾನಾಗಿ ಕೂಡಿಕೊಳ್ಳುವ ಬುದ್ಧಿಗೆ ಮಾತ್ರ ತಡೆ. ಮೇಲೆ ಮನುಷ್ಯನಿದ್ದಾಗ ಲೈನ್ ಟ್ರಿಪ್ ಆದರೆ ಅದಕ್ಕೆ ಬಲವಾದ ಕಾರಣವಿರಬಹುದು, ಅವನೇ ಕಾರಣವಾಗಿರಬಹುದು. ಆಗ ಬ್ರೇಕರ್ ಮುಗ್ಧವಾಗಿ ಮತ್ತೆ ಕೂಡಿಕೊಂಡರೆ ಮುಗಿಯಿತು. ಹಾಗಾಗಿ ಆ ಹೊತ್ತಿನಲ್ಲಿ ಲೈನ್ ಬಿದ್ದರೆ ಬಿದ್ದೇ ಇರುತ್ತದೆ, ಎತ್ತುವ ತೀರ್ಮಾನ ಮನುಷ್ಯನದು. ಮೇಂಟೆನೆನ್ಸ್ ಮೋಡ್ ಎಂದರೆ ಇಷ್ಟೇ. ನಿರ್ಧಾರ ಯಂತ್ರದ ಕೈಯಿಂದ ನಿಮ್ಮ ಸೀನಿಯರ್ ಕೈಗೆ ಬಂತು. ಅವರು ಅಂದು ಕುರ್ಚಿ ಬಿಟ್ಟು ಏಳಲಿಲ್ಲ ಎಂದರೆ ಕಾರಣ ಅದೇ.

ಸ್ಟ್ಯಾಂಡ್‌ಬೈ ನಿಜಕ್ಕೂ ಬೇರೆ. ಒಂದು ಸರ್ವರನ್ನು ಸ್ಟ್ಯಾಂಡ್‌ಬೈಗೆ ಹಾಕಿದರೆ ಪೇಸ್‌ಮೇಕರ್ ಎಚ್ಚರವಾಗಿಯೇ ಇರುತ್ತದೆ, ಅಲ್ಲಿದ್ದದ್ದನ್ನೆಲ್ಲ ಪಕ್ಕದ ಸರ್ವರಿಗೆ ಸಾಗಿಸಿ ಇದನ್ನು ಖಾಲಿ ಮಾಡಿಕೊಡುತ್ತದೆ. ಸಾಗಿಸುವಾಗ ಡೇಟಾಬೇಸ್ ನಿಂತು ಏಳಲೇಬೇಕು, ಕೌಂಟರಿನ ಪರದೆ ಅಷ್ಟು ಹೊತ್ತು ಸ್ತಬ್ಧ. ಮೆಮೊರಿ ಚಿಪ್ ಬದಲಿಸಬೇಕೆ, ಕರ್ನಲ್ ಹೊಸದು ಹಾಕಿ ರೀಬೂಟ್ ಮಾಡಬೇಕೆ, ಆಗ ಸ್ಟ್ಯಾಂಡ್‌ಬೈಯೇ ಸರಿ. ರೀಬೂಟ್ ಆಗುವ ಪೆಟ್ಟಿಗೆಯಲ್ಲಿ ಡೇಟಾಬೇಸ್ ಉಳಿಯುವಂತಿಲ್ಲ. ಕ್ಲಸ್ಟರ್ ಸಾಫ್ಟ್‌ವೇರಿಗೇ ಅಪ್‌ಡೇಟ್, ನೆಟ್‌ವರ್ಕ್ ಸ್ವಿಚ್ಚಿನ ಕೆಲಸ, ಡೇಟಾಬೇಸನ್ನು ಇದ್ದಲ್ಲೇ ಒಮ್ಮೆ ನಿಲ್ಲಿಸಿ ಎಬ್ಬಿಸುವುದು, ಇವಕ್ಕೆ ಮೇಂಟೆನೆನ್ಸ್ ಮೋಡ್. ಗೊಂದಲವಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಪೆಟ್ಟಿಗೆ ಆರಬೇಕೋ ಬೇಡವೋ?

ಇನ್ನು ರೈಲ್ವೆ ರಿಸರ್ವೇಶನ್ ರಾತ್ರಿ 11:45ರಿಂದ 12:20ರವರೆಗೆ ಬಂದ್ ಇರುತ್ತದಲ್ಲ, ಅದೂ ಇದೇನಾ ಎಂದು ಹಲವರು ಕೇಳುತ್ತಾರೆ. ಅಲ್ಲ. ಅದು ಅಪ್ಲಿಕೇಶನ್ನನ್ನೇ ನಿಲ್ಲಿಸುವುದು, ಜನರಿಗೆ ಹೇಳಿಯೇ ನಿಲ್ಲಿಸುವುದು. ಆದರೂ ರೈಲ್ವೆಯವರ ಹೆಸರು ಇಲ್ಲಿ ಬರಬೇಕಾದ್ದೇ. ನಮ್ಮ ದೇಶದ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ ಬಹುಕಾಲ ಡಿಇಸಿ ಕಂಪನಿಯ ವಿಎಂಎಸ್ ಯಂತ್ರಗಳ ಮೇಲೆ ನಡೆದದ್ದು. ಹಲವು ಯಂತ್ರಗಳನ್ನು ಕೂಡಿಸಿ ಒಂದರಂತೆ ದುಡಿಸುವ ವ್ಯಾಕ್ಸ್‌ಕ್ಲಸ್ಟರನ್ನು ಆ ಕಂಪನಿ 1983ರಲ್ಲೇ ಹೊರತಂದಿತ್ತು. ಒಂದೊಂದೇ ಯಂತ್ರ ಬಿಚ್ಚಿ ರಿಪೇರಿ ಮಾಡಿ ಮತ್ತೆ ಸೇರಿಸುವ ಅಭ್ಯಾಸ ಅಲ್ಲಿ ಆಗಲೇ ಇತ್ತು.

ನಮ್ಮ ಕಡೆ ಈ ತಲೆನೋವು ತಡವಾಗಿ ಬಂತು, ಬರಲು ಕಾರಣವೂ ಇತ್ತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿದಾಗ, ಅಂದರೆ 2000ದ ಆಚೀಚೆ, ಪ್ರತಿ ತಾಲ್ಲೂಕು ಕಚೇರಿಗೂ ತನ್ನದೇ ಸರ್ವರ್ ಇತ್ತು. ಸೇಡಂನ ಸರ್ವರ್ ಕೆಟ್ಟರೆ ಸೇಡಂನವರಿಗಷ್ಟೇ ತೊಂದರೆ. ಸಂಜೆ ಐದರ ಮೇಲೆ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಿದರೆ ಕೇಳುವವರಿರಲಿಲ್ಲ. ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿನಲ್ಲಿ ಒಂದೆಡೆ ಸೇರಿತು. ಹಾಗಾಗಿ ಕಮಲಾಪುರ 2018ರಲ್ಲಿ ಹೊಸ ತಾಲ್ಲೂಕಾಗುವ ಹೊತ್ತಿಗೆ ಪಹಣಿಗೆಂದು ಅಲ್ಲಿ ಬೇರೆ ಸರ್ವರ್ ಕೂಡಿಸುವ ಪ್ರಮೇಯವೇ ಇರಲಿಲ್ಲ. ಎಲ್ಲ ಒಂದೆಡೆ ಕೂಡಿದ ಮೇಲೆ ಒಂದು ನಿಂತರೆ ಎಲ್ಲ ನಿಂತಂತೆ, ಹಾಗಾಗಿ ನಿಲ್ಲಿಸದೆ ರಿಪೇರಿ ಮಾಡುವ ವಿದ್ಯೆ ಬೇಕಾಯಿತು. ನಿಮ್ಮ ದವಾಖಾನೆಯಲ್ಲೂ ಲ್ಯಾಬ್, ಮೆಡಿಕಲ್, ವಾರ್ಡ್, ಕೌಂಟರ್ ಎಲ್ಲ ಒಂದೇ ಡೇಟಾಬೇಸಿಗೆ ಜೋಡಿಸಿದ ದಿನವೇ ಈ ಸಮಸ್ಯೆ ಒಳಗೆ ಬಂದಿರುತ್ತದೆ.

ಈಗ ಧೋಕಾದ ಮಾತು.

ಮೇಂಟೆನೆನ್ಸ್ ಮೋಡ್ ಹಾಕಿದ ಮೇಲೆ ಕ್ಲಸ್ಟರಿನ ಸ್ಥಿತಿ ತೋರಿಸುವ ಪರದೆಯಲ್ಲಿ ಮೇಲೆ ನಕ್ಷತ್ರ ಚಿಹ್ನೆಗಳ ನಡುವೆ 'ರಿಸೋರ್ಸ್ ಮ್ಯಾನೇಜ್‌ಮೆಂಟ್ ಈಸ್ ಡಿಸೇಬಲ್ಡ್' ಎಂಬ ಸಾಲು ಬರುತ್ತದೆ. ಯಾವ ಸೇವೆಯನ್ನೂ ಶುರು ಮಾಡುವುದಿಲ್ಲ, ನಿಲ್ಲಿಸುವುದಿಲ್ಲ, ಬಿದ್ದರೆ ಎತ್ತುವುದಿಲ್ಲ ಎಂದು ಅದರ ಕೆಳಗೇ ಬರೆದಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಮಾತ್ರ ಎಲ್ಲ ರಿಸೋರ್ಸುಗಳ ಮುಂದೆ 'ಸ್ಟಾರ್ಟೆಡ್' ಎಂದೇ ಇರುತ್ತದೆ. ಇದು ಕಣ್ಣಿಗೆ ಮಣ್ಣೆರಚುವ ಸಾಲು. ಪೇಸ್‌ಮೇಕರ್ ವಿಚಾರಿಸುವುದನ್ನೇ ಬಿಟ್ಟಿದೆ. ಆ 'ಸ್ಟಾರ್ಟೆಡ್' ಕೊನೆಯ ಬಾರಿ ನೋಡಿದಾಗಿನ ಮಾತು. ಹತ್ತು ನಿಮಿಷದ ಹಿಂದೆ ಡೇಟಾಬೇಸ್ ಸತ್ತಿದ್ದರೂ ಪರದೆ ಅದನ್ನೇ ತೋರಿಸುತ್ತಿರುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಕ್ಲಸ್ಟರಿನ ಪರದೆ ನಂಬಬೇಡಿ. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದು ಡೇಟಾಬೇಸಿಗೇ ನೇರವಾಗಿ ಒಂದು ಕ್ವೆರಿ ಕೊಡುತ್ತಿರಿ. ಅದಕ್ಕಿಂತ ಒಳ್ಳೆಯದು ಕೌಂಟರಿಗೆ ಫೋನ್ ಮಾಡಿ "ಚೀಟಿ ಆಗ್ಲಿಕತ್ತಾವೇನ್ರಿ?" ಎಂದು ಕೇಳುವುದು.

ಇಡೀ ಕ್ಲಸ್ಟರಿನ ಬದಲು ಒಂದೇ ಸರ್ವರಿಗೆ, ಅಥವಾ ಒಂದೇ ರಿಸೋರ್ಸಿಗೆ ವಿರಾಮ ಕೊಡಬಹುದು. ಇಲ್ಲೊಂದು ಸೂಕ್ಷ್ಮ ಇದೆ. ಒಂದೇ ರಿಸೋರ್ಸನ್ನು 'ಅನ್‌ಮ್ಯಾನೇಜ್' ಮಾಡಿದರೆ, ಬೇರೆ ಏನೂ ಹೇಳದಿದ್ದಲ್ಲಿ, ವಿಚಾರಣೆ ನಡೆಯುತ್ತಲೇ ಇರುತ್ತದೆ. ಉತ್ತರ ಏನೇ ಬಂದರೂ ಕೈ ಹಾಕುವುದಿಲ್ಲ, ಬಂದ ವೈಫಲ್ಯಗಳನ್ನೆಲ್ಲ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ನೀವು ಕೆಲಸ ಮುಗಿಸಿ ಮತ್ತೆ ಅದರ ಕೈಗೊಪ್ಪಿಸಿದ ಕೂಡಲೇ ಹಳೆ ಲೆಕ್ಕ ತೆಗೆದು ಕೂತು, ಚೆನ್ನಾಗಿ ನಡೆಯುತ್ತಿರುವ ಡೇಟಾಬೇಸನ್ನು ಆಚೆ ಸರ್ವರಿಗೆ ಎತ್ತಿಕೊಂಡು ಹೊರಟರೆ ಆಶ್ಚರ್ಯವಿಲ್ಲ. ಒಪ್ಪಿಸುವ ಮುಂಚೆ 'ಕ್ಲೀನಪ್' ಕೊಟ್ಟು ಆ ಲೆಕ್ಕ ಅಳಿಸಬೇಕು. ವೆರಿಟಾಸ್ ಕ್ಲಸ್ಟರಿನವರು ಇದನ್ನೇ ಫ್ರೀಜ್ ಎನ್ನುತ್ತಾರೆ. ಅಲ್ಲಿ ತಾತ್ಕಾಲಿಕ ಫ್ರೀಜ್, ಕ್ಲಸ್ಟರ್ ನಿಂತು ಎದ್ದರೂ ಉಳಿಯುವ ಫ್ರೀಜ್ ಎಂದು ಎರಡಿವೆ. ಐಬಿಎಂನ ಪವರ್‌ಹೆಚ್‌ಎ, ಎಚ್‌ಪಿಇಯ ಸರ್ವಿಸ್‌ಗಾರ್ಡ್‌ಗಳಲ್ಲೂ ಅಪ್ಲಿಕೇಶನ್ನನ್ನು ನಡೆಯಲು ಬಿಟ್ಟು ಕ್ಲಸ್ಟರ್ ಮಾತ್ರ ಹಿಂದೆ ಸರಿಯುವ ದಾರಿ ಇದೆ. ಹೆಸರು ಬೇರೆ ಬೇರೆ, ಸಂಗತಿ ಒಂದೇ.

ಸ್ವಿಚ್ ಕೆಲಸದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಯಾಕೆಂದರೆ ಹೆಚ್ಚಿನ ಅನಾಹುತ ಆಗುವುದು ಅಲ್ಲೇ. ಎರಡು ಸರ್ವರುಗಳ ನಡುವಿನ ಸಂದೇಶ ನಿಂತರೆ ಇಬ್ಬರೂ "ಆಚೆಯವನು ಸತ್ತ" ಎಂದುಕೊಳ್ಳುತ್ತಾರೆ. ಸತ್ತದ್ದು ಖಾತ್ರಿಯಿಲ್ಲದೆ ಅವನ ಡಿಸ್ಕ್ ಮುಟ್ಟುವಂತಿಲ್ಲ, ಆದ್ದರಿಂದ ಮೊದಲು ಅವನ ಕರೆಂಟ್ ತೆಗೆಸುತ್ತಾರೆ. ಇದಕ್ಕೆ ಫೆನ್ಸಿಂಗ್ ಎಂದು ಹೆಸರು. ಹಳಬರು ಸ್ಟೋನಿತ್ ಎನ್ನುತ್ತಾರೆ. ಸ್ವಿಚ್ಚಿಗೆ ಹೊಸ ಫರ್ಮ್‌ವೇರ್ ಹಾಕಿ ರೀಸ್ಟಾರ್ಟ್ ಮಾಡುವ ಆ ಎರಡು ಮೂರು ನಿಮಿಷದಲ್ಲಿ ಎರಡೂ ಸರ್ವರುಗಳು ಪರಸ್ಪರ ಹೊಡೆದುಕೊಂಡು ಮಲಗಬಹುದು. ಮೇಂಟೆನೆನ್ಸ್ ಮೋಡ್ ಹಾಕಿದ್ದರೆ, ನೋಡಿಕೊಳ್ಳಲು ಒಂದೂ ರಿಸೋರ್ಸ್ ಇಲ್ಲವೆಂದು ಪೇಸ್‌ಮೇಕರ್ ಫೆನ್ಸಿಂಗನ್ನು ಮುಂದೂಡುತ್ತದೆ. ಮುಂದೂಡುತ್ತದೆ ಅಷ್ಟೇ, ರದ್ದು ಮಾಡುವುದಿಲ್ಲ. ಎರಡೂ ಸರ್ವರುಗಳು ಮತ್ತೆ ಒಬ್ಬರಿಗೊಬ್ಬರು ಕಾಣುವ ಮುಂಚೆ ಮೋಡ್ ತೆಗೆದರೆ, ತಪ್ಪಿತು ಎಂದುಕೊಂಡ ಪೆಟ್ಟು ಆಗ ಬೀಳುತ್ತದೆ. ಸ್ಥಿತಿಯ ಪರದೆಯಲ್ಲಿ ಎರಡೂ ಹೆಸರುಗಳ ಮುಂದೆ 'ಆನ್‌ಲೈನ್' ಬರುವವರೆಗೆ ಚಹಾ ಕುಡಿಯುತ್ತಾ ಕೂಡುವುದು ಲೇಸು.

ಮೋಡ್ ತೆಗೆಯುವ ಕ್ಷಣವೇ ಇಡೀ ರಾತ್ರಿಯ ನಾಜೂಕಿನ ಕ್ಷಣ. ನೀವು ಕೈಯಾರೆ ಏನನ್ನಾದರೂ ನಿಲ್ಲಿಸಿದ್ದರೆ, ಅಥವಾ ಒಂದು ಸರ್ವರಿನಿಂದ ಇನ್ನೊಂದಕ್ಕೆ ಒಯ್ದಿದ್ದರೆ, ಪೇಸ್‌ಮೇಕರಿಗೆ ಅದು ಗೊತ್ತಿರುವುದಿಲ್ಲ. ಮೊದಲು 'ರಿಫ್ರೆಶ್' ಕೊಟ್ಟು ಎಲ್ಲ ಕಡೆ ಒಂದು ಸುತ್ತು ನೋಡಿಕೊಂಡು ಬರಲು ಹೇಳಬೇಕು. ಆಮೇಲೆ 'ಸಿಆರ್‌ಎಂ ಸಿಮ್ಯುಲೇಟ್' ಎಂಬ ಪರಿಕರ ಇದೆ. ಈ ಸ್ಥಿತಿಯಲ್ಲಿ ಅಧಿಕಾರ ಕೊಟ್ಟರೆ ನೀನು ಏನೇನು ಮಾಡುತ್ತೀ ಎಂದು ಕೇಳಿದರೆ, ಏನನ್ನೂ ಮುಟ್ಟದೆ ಪಟ್ಟಿ ಕೊಡುತ್ತದೆ. ಕ್ಲಸ್ಟರಿನ ಸದ್ಯದ ಕಡತದ ಒಂದು ಪ್ರತಿ ತೆಗೆದು, ಆ ಪ್ರತಿಯಲ್ಲಿ ಮೋಡ್ ತೆಗೆದು, ಅದರ ಮೇಲೆ ಇದನ್ನು ಓಡಿಸಬೇಕು. ಪಟ್ಟಿಯಲ್ಲಿ ವಿಚಾರಣೆ ಶುರು ಮಾಡುವ ಸಾಲುಗಳಷ್ಟೇ ಇದ್ದರೆ ನಿಶ್ಚಿಂತೆ. 'ಸ್ಟಾಪ್' ಎಂದೋ 'ಮೂವ್' ಎಂದೋ ಒಂದು ಸಾಲು ಕಂಡರೂ ಕೈ ತಡೆಯಿರಿ. ಈ ಪರಿಕರವನ್ನು ಬಳಸದೇ ಇರುವ ಅಡ್ಮಿನ್‌ಗಳೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಯಾಕೋ ಗೊತ್ತಿಲ್ಲ, ಐದು ನಿಮಿಷದ ಕೆಲಸ.

ಇನ್ನೊಂದು ಅಪಾಯಕ್ಕೆ ಯಾವ ಕಮಾಂಡೂ ಇಲ್ಲ: ಮೋಡ್ ತೆಗೆಯಲು ಮರೆಯುವುದು. ಮೋಡಿಗೆ ತಾನಾಗಿ ಮುಗಿಯುವ ಗಡುವಿಲ್ಲ. ರಾತ್ರಿ ಮೂರಕ್ಕೆ ಅಪ್‌ಡೇಟ್ ಮುಗಿದು, ಎಲ್ಲ ಚಾಲೂ ಇದೆ ಎಂದು ಮನೆಗೆ ಹೋದರೆ ಕ್ಲಸ್ಟರ್ ವಾರಗಟ್ಟಲೆ ಹಾಗೇ ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಕೌಂಟರ್ ನಡೆಯುತ್ತಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿ, ಸರ್ವರ್ ಕೋಣೆಯ ಎಸಿ ಕೈಕೊಟ್ಟು, ಒಂದು ಪೆಟ್ಟಿಗೆ ಕಾದು ಆರಿಹೋದ ಮಧ್ಯಾಹ್ನ ಗೊತ್ತಾಗುತ್ತದೆ. ಪಕ್ಕದ ಸರ್ವರ್ ತಣ್ಣಗೆ ಕೂತು ನೋಡುತ್ತಿರುತ್ತದೆ, ಒಂದು ಹುಲ್ಲುಕಡ್ಡಿ ಅಲುಗಿಸುವುದಿಲ್ಲ. ಎರಡು ಸರ್ವರಿಗೆ ದುಡ್ಡು ಕೊಟ್ಟ ಮಾಲೀಕರಿಗೆ ಇದನ್ನು ವಿವರಿಸುವುದು ಸುಲಭವಲ್ಲ.

ಇಲ್ಲಿ ಲೈನ್‌ಮನ್‌ಗಳ ಶಿಸ್ತು ನಮ್ಮವರಿಗಿಂತ ಎಷ್ಟೋ ಮೇಲು. ನಿಮ್ಮ ಕಮಲಾಪುರದ ಕಡೆ ಕಂಬ ಹತ್ತುವ ಮುಂಚೆ ಲೈನ್‌ಮನ್ ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಬಂದ್ ಇಡುವ ಲೈನ್ ಕ್ಲಿಯರ್, ತೆಗೆದುಕೊಳ್ಳುವುದನ್ನು ನೋಡಿರುತ್ತೀರಿ. ಯಾವ ಫೀಡರ್, ಯಾರ ಹೆಸರಿಗೆ, ಎಷ್ಟು ಗಂಟೆಗೆ ಎಂಬುದು ಅಲ್ಲಿನ ರಿಜಿಸ್ಟರಿಗೆ ಏರುತ್ತದೆ. ತೆಗೆದುಕೊಂಡವನೇ ವಾಪಸ್ ಕೊಡಬೇಕು, ಅಲ್ಲಿಯವರೆಗೆ ಲೈನ್ ಚಾರ್ಜ್ ಮಾಡುವಂತಿಲ್ಲ. ಒಂದೇ ಲೈನಿಗೆ ಇಬ್ಬರು ಎಲ್‌ಸಿ ತೆಗೆದುಕೊಂಡಿದ್ದರೆ ಇಬ್ಬರದೂ ವಾಪಸ್ ಬರಬೇಕು. ಸರ್ವರ್ ಕೋಣೆಯಲ್ಲಿ ಇಂಥದ್ದೊಂದು ಪುಸ್ತಕ ಇಡಲು ಖರ್ಚೇನೂ ಇಲ್ಲ. ಯಾರು ಮೋಡ್ ಹಾಕಿದರು, ಯಾಕೆ, ಎಷ್ಟೊತ್ತಿಗೆ ತೆಗೆಯಬೇಕು. ನೆಟ್‌ವರ್ಕಿನವನೂ ಡೇಟಾಬೇಸಿನವಳೂ ಒಂದೇ ರಾತ್ರಿ ಕೆಲಸ ಇಟ್ಟುಕೊಂಡಿದ್ದರೆ, ಒಬ್ಬರ ಕೆಲಸ ಮುಗಿಯಿತೆಂದು ಅವರು ಮೋಡ್ ತೆಗೆದುಬಿಟ್ಟರೆ, ಇನ್ನೊಬ್ಬರ ಅರ್ಧ ಪ್ಯಾಚಿನ ಮೇಲೆ ಪೇಸ್‌ಮೇಕರ್ ಬಂದು ಕೂರುತ್ತದೆ. ಪುಸ್ತಕದಲ್ಲಿ ಎರಡು ಹೆಸರಿದ್ದರೆ ಹಾಗಾಗುವುದಿಲ್ಲ. ಜೊತೆಗೆ, ಮೇಂಟೆನೆನ್ಸ್ ಮೋಡ್ ನಾಲ್ಕು ಗಂಟೆ ದಾಟಿದರೆ ಫೋನಿಗೆ ಸಂದೇಶ ಬರುವಂತೆ ಮಾನಿಟರಿಂಗಿನಲ್ಲಿ ಒಂದು ಸಾಲು ಸೇರಿಸಿಡಿ. ಮತ್ತೆ ದಿನ ಗೊತ್ತು ಮಾಡುವ ಮುಂಚೆ ಪೇಪರಿನಲ್ಲಿ ಜೆಸ್ಕಾಂನವರ 'ವಿದ್ಯುತ್ ವ್ಯತ್ಯಯ' ಪ್ರಕಟಣೆ ನೋಡಿ. ಕ್ಲಸ್ಟರ್ ಕೈ ಕಟ್ಟಿ ಕೂತ ಹೊತ್ತಿನಲ್ಲಿ ಯುಪಿಎಸ್ ಪರೀಕ್ಷೆಗೆ ಬೀಳುವುದು ಬೇಡ. ಆ ಹೊತ್ತಿನಲ್ಲಿ ಸರ್ವರ್ ಆರಿ ಎದ್ದರೆ ಡೇಟಾಬೇಸ್ ತಾನಾಗಿ ಏಳುವುದಿಲ್ಲ, ನೀವೇ ಎಬ್ಬಿಸಬೇಕು.

ನಿಮ್ಮ ಸೀನಿಯರ್ ಮಾಡಿದ್ದನ್ನು ನೀವೊಬ್ಬರೇ ಮಾಡಲು ಹೊರಡುವ ಮುಂಚೆ ಇನ್ನೊಂದನ್ನು ನೋಡಿಕೊಳ್ಳಿ. ಎರಡೂ ಸರ್ವರುಗಳು ಒಂದೇ ಡಿಸ್ಕನ್ನು ಏಕಕಾಲಕ್ಕೆ ಬಳಸುವ ಜಿಎಫ್‌ಎಸ್2 ಅಥವಾ ಓಸಿಎಫ್‌ಎಸ್2 ನಿಮ್ಮಲ್ಲಿದ್ದರೆ, ಅದರ ಬೀಗ ಕಾಯುವ ಡಿಎಲ್‌ಎಂ ಎಂಬ ಭಾಗ ಕೋರೋಸಿಂಕನ್ನೇ ನೆಚ್ಚಿಕೊಂಡಿರುತ್ತದೆ. ಮೇಂಟೆನೆನ್ಸ್ ಮೋಡ್ ಹಾಕಬಹುದು, ಆದರೆ ಕ್ಲಸ್ಟರ್ ಸಾಫ್ಟ್‌ವೇರನ್ನು ಬಂದ್ ಮಾಡಿದರೆ ಡಿಎಲ್‌ಎಂ ಅನಾಥವಾಗಿ ಆ ಸರ್ವರ್ ಫೆನ್ಸಿಂಗಿಗೆ ಗುರಿಯಾಗುತ್ತದೆ, ಕೌಂಟರೂ ಅದರ ಜೊತೆ ಹೋಗುತ್ತದೆ. ಅಂಥ ಕ್ಲಸ್ಟರಿನಲ್ಲಿ ಒಂದೊಂದೇ ಸರ್ವರನ್ನು ಸ್ಟ್ಯಾಂಡ್‌ಬೈಗೆ ಹಾಕಿ ಅಪ್‌ಡೇಟ್ ಮಾಡುವುದೇ ಸುರಕ್ಷಿತ ದಾರಿ. ರಿಸೋರ್ಸುಗಳ ಪಟ್ಟಿಯಲ್ಲಿ ಆ ಮೂರಕ್ಷರ ಇದೆಯೇ ಎಂದು ನಾಳೆ ಡ್ಯೂಟಿಗೆ ಹೋದ ಕೂಡಲೇ ನೋಡಿ.